ಐದನೆಯ ಸಾಲು

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಕೊಟ್ಟ ಮಾತು ಅದು.

ಗಂಡ ಬೇರೆ ಮನೆ ಮಾಡಿಕೊಂಡು ಹೋದ ವಾರ. ಪಕ್ಕದ ಮನೆಯವರಿಗೆ ಗೊತ್ತಿತ್ತು, ಸ್ಕೂಲ್ ವ್ಯಾನಿನ ಡ್ರೈವರಿಗೆ ಗೊತ್ತಿತ್ತು, ಗಂಡಸರ ಅಂಗಿ ಬರುವುದು ನಿಂತದ್ದು ನೋಡಿ ಇಸ್ತ್ರಿ ಅಂಗಡಿಯವನೂ ಊಹಿಸಿಬಿಟ್ಟಿದ್ದ. ಮಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ವ್ಯಾನಿನಲ್ಲಿ ಇನ್ಯಾರದೋ ಬಾಯಿಂದ ಕೇಳಿ ಬಂದ ಮಗು ಸೀದಾ ಊಟದ ಮೇಜಿನ ಕೆಳಗೆ ಹೋಗಿ ಕೂತಿತು. ತಾಯಿಯೂ ಮಂಡಿಯೂರಿ ಮೇಜಿನ ಕೆಳಗೇ ತೂರಿಕೊಂಡಳು.

"ಎಲ್ರಿಗೂ ಹೇಳಿ ಆಮೇಲೆ ನಂಗೆ ಹೇಳ್ತೀಯಾ?"

"ಇನ್ಮೇಲೆ ಹಾಗಾಗಲ್ಲ ಪುಟ್ಟ. ನನ್ನ ವಿಷಯ ಏನೇ ಇರ್ಲಿ, ಮೊದಲು ನಿಂಗೆ. ಆಮೇಲೆ ಊರಿಗೆ."

"ಪ್ರಾಮಿಸ್?"

"ಪ್ರಾಮಿಸ್."

ಈಗ ಮಗಳು ಒಂಬತ್ತನೇ ಕ್ಲಾಸು. ನಡುವಿನ ವರ್ಷಗಳಲ್ಲಿ ಮಗಳಿಗೆ ಮೊದಲು ಹೇಳಬೇಕಾದಂಥದ್ದು ತಾಯಿಯ ಬದುಕಿನಲ್ಲಿ ಏನೂ ನಡೆದಿರಲಿಲ್ಲ. ಹಾಗಾಗಿ ಆ ಮಾತು ಉಡದ ಸೀರೆಯ ಹಾಗೆ ಮಡಿಕೆ ಕೆಡದೆ ಉಳಿದಿತ್ತು.

ತಾಯಿಯ ಕೆಲಸ ಒಂದು ದಿನಪತ್ರಿಕೆಯಲ್ಲಿ. ಅಚ್ಚಿಗೆ ಹೋಗುವ ಮುನ್ನ ಹೆಸರು, ಇಸವಿ, ಊರು ಸರಿಯಿದೆಯೇ ಎಂದು ಪರೀಕ್ಷಿಸುವುದು. ಸಂಶಯ ಬಂದ ಕಡೆ ಕಂಪ್ಯೂಟರಿನಲ್ಲಿ ಫೈಲಿನ ಅಂಚಿಗೆ ಕೆಂಪು ಅಕ್ಷರದಲ್ಲಿ "ಆಧಾರ?" ಎಂದು ಬರೆಯುತ್ತಿದ್ದಳು. ಎರಡು ಆಧಾರ ಸಿಗದ ಸಾಲಿಗೆ ಕತ್ತರಿ. ಅವಳು "ನೋಡಿದೆ" ಎಂದು ಒತ್ತಿದ ಮೇಲೆ ಆ ಫೈಲನ್ನು ಇನ್ಯಾರೂ ಓದುವುದಿಲ್ಲ. ಪುಟ ಕಟ್ಟುವವನು ಎತ್ತಿ ಪುಟದಲ್ಲಿ ಕೂರಿಸುತ್ತಾನೆ, ಅಷ್ಟೆ. ಕಚೇರಿಯಲ್ಲಿ ಅವಳಿಗೆ ಬೆನ್ನ ಹಿಂದೆ "ಅನುಮಾನದಮ್ಮ" ಎಂಬ ಹೆಸರು. ಅದು ಅವಳಿಗೂ ಗೊತ್ತು. ಅದಕ್ಕೆ ಮಾತ್ರ ಆಧಾರ ಕೇಳಿರಲಿಲ್ಲ.

ಎರಡನೇ ಪುಟದ ಕೆಳಮೂಲೆಯಲ್ಲಿ "ಈ ದಿನ" ಎಂಬ ಪುಟ್ಟ ಅಂಕಣ. ದಿನಕ್ಕೆ ಐದು ಸಾಲು. ಇಂದು ಹುಟ್ಟಿದ ವಿಜ್ಞಾನಿ, ಇಂದು ಮುಳುಗಿದ ಹಡಗು, ಇಂದು ತೆರೆದ ಸೇತುವೆ, ಇಂದು ಯಾವುದರ ದಿನಾಚರಣೆ ಎಂಬ ಚಿಲ್ಲರೆ ಸಂಗತಿಗಳು. ಮುಖಪುಟ ಬಿಟ್ಟು ಮೊದಲು ಇದನ್ನೇ ಓದುವವರು ಇದ್ದರು. ಮಗಳೂ ಆ ಪೈಕಿ. ಬೆಳಿಗ್ಗೆ ಬ್ರೆಡ್ ಕಚ್ಚುತ್ತಾ ಐದೂ ಸಾಲನ್ನು ಗಟ್ಟಿಯಾಗಿ ಓದದಿದ್ದರೆ ಅವಳಿಗೆ ದಿನ ಶುರುವಾಗುತ್ತಿರಲಿಲ್ಲ.

ಅಂಕಣ ಬರೆಯುತ್ತಿದ್ದ ಹಿರಿಯರು ನಿವೃತ್ತರಾದರು. ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವನೊಬ್ಬ ಆ ಜಾಗಕ್ಕೆ ಬಂದ. ನಲವತ್ತು ದಾಟಿದ ವಯಸ್ಸು, ಒಂಟಿ ಜೀವ, ಸದಾ ಒಂದು ಕಡೆ ಮಡಚಿಕೊಂಡ ಕಾಲರು. ಬಂದ ವಾರದಲ್ಲೇ ಕಚೇರಿ ಅವನಿಗೆ "ಕ್ಯಾಲೆಂಡರ್" ಎಂದು ಹೆಸರಿಟ್ಟಿತು.

ಕ್ಯಾಲೆಂಡರಿನ ಮೊದಲ ನಾಲ್ಕು ಸಾಲು ಚಿನ್ನ. ಇಸವಿ ತಪ್ಪುತ್ತಿರಲಿಲ್ಲ. ಐದನೆಯದು ಮಾತ್ರ...

"ಇಂದು: ಲಿಫ್ಟಿನಲ್ಲಿ ಬಾಗಿಲನ್ನೇ ನೋಡುತ್ತಾ ನಿಲ್ಲುವವರನ್ನು ಮಾತನಾಡಿಸುವ ದಿನ."

ಅವಳು ಹುಡುಕಿದಳು. ಯಾವ ದೇಶದಲ್ಲೂ ಇಂಥ ದಿನ ಇರಲಿಲ್ಲ. "ಆಧಾರ?" ಎಂದು ಬರೆದು ಕಳಿಸಿದಳು. ತಕರಾರಿಲ್ಲದೆ ಬದಲಿ ಸಾಲು ಬಂತು. ಇದು ನಿಜವಾದದ್ದು.

ಮಾರನೆಯ ದಿನ: "ಇಂದು: ಮೂಲೆ ಕುರ್ಚಿಯಲ್ಲಿ ಕೂರುವವರೆಲ್ಲ ಸೊಕ್ಕಿನವರಲ್ಲ ಎಂದು ತಿಳಿದುಕೊಳ್ಳುವ ದಿನ."

ಅವಳ ಕೈ ನಿಂತಿತು. ಕ್ಯಾಂಟೀನಿನಲ್ಲಿ ಮೂಲೆ ಕುರ್ಚಿ ಅವಳದು. ಯಾರ ಜೊತೆಯೂ ಬೆರೆಯುವುದಿಲ್ಲ, ಬಲು ಸೊಕ್ಕು ಎಂದು ಜನ ಅಂದುಕೊಂಡಿದ್ದರು. ಕಾರಣ ಅಷ್ಟು ದೊಡ್ಡದಲ್ಲ. ಅವಳು ಎಡಗೈಯವಳು. ಪಕ್ಕದವರ ಮೊಣಕೈಗೆ ತಾಗಿ ಅವರ ಚಮಚೆಯಿಂದ ಸಾರು ಚೆಲ್ಲಿ ಸಾಕಾಗಿತ್ತು. ಎಡಕ್ಕೆ ಗೋಡೆಯಿದ್ದರೆ ಯಾರಿಗೂ ತೊಂದರೆಯಿಲ್ಲ.

ಕುರ್ಚಿ ಅಂದರೆ ಕುರ್ಚಿ, ಎಲ್ಲ ಊರಲ್ಲೂ ಮೂಲೆಗಳಿವೆ ಎಂದು ತನಗೆ ತಾನೇ ಹೇಳಿಕೊಂಡು ಸಾಲು ಕತ್ತರಿಸಿದಳು.

ಮೂರನೆಯದು: "ಇಂದು: ಹಸಿರು ಸ್ವೆಟರನ್ನು ಮತ್ತೊಮ್ಮೆ ಹಾಕಿಕೊಳ್ಳುವ ದಿನ."

ಅದನ್ನೂ ಕತ್ತರಿಸಿ, ಮಾರನೆಯ ದಿನ ಬೇಕೆಂದೇ ತನ್ನ ಹಸಿರು ಸ್ವೆಟರು ಮನೆಯಲ್ಲೇ ಬಿಟ್ಟು ಬಂದಳು. ಅದರ ಮಾರನೆಯ ದಿನ, ಬೇರೆಯವು ಒಗೆಯಲು ಹಾಕಿವೆ ಎಂದುಕೊಂಡು ಅದನ್ನೇ ಹಾಕಿಕೊಂಡಳು. ಬೇರೆಯವು ಕಪಾಟಿನಲ್ಲೇ ಇದ್ದವು. ಕಾರಿಡಾರಿನಲ್ಲಿ ಎದುರಾದ ಕ್ಯಾಲೆಂಡರ್ ಸ್ವೆಟರು ನೋಡಿದ, ಅವಳನ್ನು ನೋಡಿದ, ಮತ್ತೆ ಏನೋ ಮರೆತವನಂತೆ ಬಂದ ದಾರಿಯಲ್ಲೇ ತಿರುಗಿ ಹೋದ.

ಇದೇನು? ತಮಾಷೆಯೋ? ಕೀಟಲೆಯೋ? ಕಳೆದ ತಿಂಗಳು ಒಂದು ಇಸವಿ ಅವಳ ಕಣ್ತಪ್ಪಿ ಅಚ್ಚಾಗಿತ್ತು. ಆ ಸಿಟ್ಟಿಗೆ ಸಂಪಾದಕರೇ ಇವನ ಕೈಲಿ ಸುಳ್ಳು ಸಾಲು ಹಾಕಿಸಿ ಇವಳು ಹಿಡಿಯುತ್ತಾಳೋ ಇಲ್ಲವೋ ನೋಡುತ್ತಿದ್ದಾರೆಯೇ? ಹಾಗೆ ಅನ್ನಿಸಿದ ಕೂಡಲೇ ಎದ್ದು ಸೀದಾ ಅವನ ಮೇಜಿಗೆ ಹೋದಳು.

"ಸರ್, ಈ ಐದನೇ ಸಾಲು ಯಾಕೆ ಬರೀತಿದ್ದೀರಿ?"

ಅವನು ಗಡಬಡಿಸಿ ಎದ್ದು ನಿಂತ. "ಜಾಗ... ಜಾಗ ಉಳೀತು ಮೇಡಂ."

"ಸಂಪಾದಕರು ಹೇಳಿದ್ದಾರಾ, ನನ್ನನ್ನ ಪರೀಕ್ಷೆ ಮಾಡಿ ಅಂತ?"

"ಅಯ್ಯೋ ಇಲ್ಲ! ಅಂದ್ರೆ, ಪರೀಕ್ಷೆ ಅನ್ನೋದಾದ್ರೆ ಒಂಥರಾ ಹೌದು. ಆದ್ರೆ ನಿಮಗಲ್ಲ."

"ಮತ್ಯಾರಿಗೆ?"

"ನನಗೇ ಅಂದ್ಕೊಳ್ಳಿ." ಕಾಲರು ಸರಿಮಾಡಿಕೊಳ್ಳಲು ಹೋಗಿ ಇನ್ನಷ್ಟು ಮಡಚಿಕೊಂಡ. "ನಿಮಗೆ ಬೇಜಾರಾಗಿದ್ರೆ ನಿಲ್ಲಿಸ್ತೀನಿ."

ಏನು ಹೇಳಿದ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದಾಗ ಏನು ಮಾಡಬೇಕೋ ಅದನ್ನೇ ಮಾಡಿದಳು. ಕತ್ತರಿಸಿದಳು.

"ನಿಲ್ಲಿಸಿ."

ಅವನು ನಿಲ್ಲಿಸಿದ.

ಮರುದಿನದಿಂದ ಐದೂ ಸಾಲು ನಿಜ. ವಿಜ್ಞಾನಿ, ಸೇತುವೆ, ಸಂಗ್ರಹಾಲಯ, ಗ್ರಹಣ, ಹಡಗು. ಐದಕ್ಕೂ ಎರಡೆರಡು ಆಧಾರ. ಇಷ್ಟು ಅಚ್ಚುಕಟ್ಟಾದ ಪ್ರತಿ ಯಾರ ಹತ್ತಿರದಿಂದಲೂ ಬಂದಿರಲಿಲ್ಲ. ಅವಳಿಗೆ ಯಾಕೋ ರೇಗಿತು. ಒಂದು ದಿನ ಸೇತುವೆಯ ಸಾಲನ್ನೇ ಅನುಮಾನಿಸಿ, ಅದರಲ್ಲಿ ಏನಾದರೂ ಅಡಗಿದೆಯೇ ಎಂದು ಹುಡುಕಿದಳು. ಸೇತುವೆ ಸೇತುವೆಯೇ ಆಗಿತ್ತು.

ಮನೆಯಲ್ಲಿ ಮಗಳು ಕೇಳಿದಳು, "ಅಮ್ಮ, ಯಾಕೆ ಒಂಥರಾ ಇದ್ದೀಯಾ?"

"ಒಂಥರಾ ಅಂದ್ರೆ?"

"ಚಾರ್ಜರ್ ಹಾಕಿದ್ರೂ ಸ್ವಿಚ್ ಹಾಕದ ಫೋನ್ ಥರಾ."

"ಓದ್ಕೋ ಹೋಗು," ಅಂದಳು. ಮಗಳಿಗೆ ಮೊದಲು ಹೇಳಬೇಕು ನಿಜ, ಆದರೆ ಏನಂತ ಹೇಳುವುದು? ಯಾರೋ ಸುಳ್ಳು ಬರೆಯುವುದನ್ನು ನಿಲ್ಲಿಸಿದರು, ಅದಕ್ಕೆ ನನಗೆ ದುಃಖ ಅಂತಲೇ?

ಆಮೇಲೊಂದು ಮಧ್ಯಾಹ್ನ ಫೈಲು ತೆರೆದರೆ ಐದನೆಯ ಸಾಲು ಹೀಗಿತ್ತು:

"ಇಂದು: ಎಡಗೈ ಬಳಸುವವರ ದಿನ."

ಎದೆಯೊಳಗೆ ಯಾರೋ ಕಿಟಕಿ ತೆರೆದಂತಾಯಿತು.

ಗೋಡೆಗೆ ಅಂಟಿ ಕೂರುವ ಕಾರಣ ಇವನಿಗೆ ಗೊತ್ತು! ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರ ಕಣ್ಣಿಗೆ ಬೀಳದ್ದು ಇವನ ಕಣ್ಣಿಗೆ ಬಿದ್ದಿದೆ. ನಿಲ್ಲಿಸಿ ಅಂದರೂ ತಡೆಯಲಾರದೆ ಮತ್ತೆ ಬರೆದಿದ್ದಾನೆ.

ಜೀವಮಾನದಲ್ಲಿ ಮೊದಲ ಸಲ ಅವಳು ಒಂದು ಸಾಲನ್ನು ಪರೀಕ್ಷಿಸಲಿಲ್ಲ. ಇದಕ್ಕೆ ಆಧಾರ ಹುಡುಕುವುದೆಂದರೆ ಅವನನ್ನು ಅವಮಾನಿಸಿದಂತೆ ಎನ್ನಿಸಿತು. ಅಂಚಿನಲ್ಲಿ ಉತ್ತರಿಸಲು ಹೋದಳು; ಅಂಚಿನ ಕೆಂಪು ಅಕ್ಷರ ತಕರಾರಿನ ಅಕ್ಷರ, ಈ ಮಾತಿಗೆ ಒಗ್ಗಲಿಲ್ಲ. ಅವನ ಸಾಲಿನ ಪಕ್ಕದಲ್ಲೇ, ಕಪ್ಪು ಅಕ್ಷರದಲ್ಲಿ, ಅವನದೇ ಧಾಟಿಯಲ್ಲಿ ಮುಂದುವರಿಸಿದಳು:

"ನನ್ನ ಎಡಗೈಯನ್ನು ಗಮನಿಸಿದವರು ನೀವೊಬ್ಬರೇ. ಮಧ್ಯಾಹ್ನದ ಊಟಕ್ಕೆ ಬಂದು ಎದುರು ಕೂರಿ. ಆಧಾರ ಕೇಳುವುದಿಲ್ಲ."

ಫೈಲು ಅವನಿಗೇ ವಾಪಸು ಹೋಗಲಿ, ಅವನು ಓದಿ ಅಳಿಸಿಕೊಂಡು ಬದಲಿ ಸಾಲು ಕಳಿಸಲಿ ಎಂದುಕೊಂಡಳು. ಅಷ್ಟರಲ್ಲಿ ಮಗಳ ಫೋನು, ಮನೆಯ ಕೀಲಿ ಮರೆತಿದ್ದೇನೆ ಬೇಗ ಬಾ ಎಂದು. ಹೊರಡುವ ಗಡಿಬಿಡಿಯಲ್ಲಿ ಬೆರಳು ವರ್ಷಗಳ ಅಭ್ಯಾಸದಂತೆ ತಾನೇ ಹೋಗಿ "ನೋಡಿದೆ" ಒತ್ತಿತು.

ಮರುದಿನ ಬೆಳಿಗ್ಗೆ ಮಗಳು ಬ್ರೆಡ್ ಕಚ್ಚುತ್ತಾ ಓದತೊಡಗಿದಳು. ಒಂದು, ಎರಡು, ಮೂರು, ನಾಲ್ಕು.

"'ಇಂದು: ಎಡಗೈ ಬಳಸುವವರ ದಿನ. ನನ್ನ ಎಡಗೈಯನ್ನು ಗಮನಿಸಿದವರು...'" ಮಗಳ ದನಿ ನಿಧಾನವಾಯಿತು. ಕೊನೆಯವರೆಗೂ ಓದಿ, ಪೇಪರು ಕೆಳಗಿಟ್ಟಳು. "ಅಮ್ಮ. ಇದು ನೀನು."

ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದೂ ತಾಯಿಗೆ ತಿಳಿಯಲಿಲ್ಲ. ಪೇಪರು ಕಿತ್ತುಕೊಂಡು ನೋಡಿದಳು. ಇದ್ದದ್ದು ಇದ್ದ ಹಾಗೇ, ಒಂದಕ್ಷರ ಬಿಡದೆ, ಊರಿನ ಎಲ್ಲ ಮನೆಗಳ ಬಾಗಿಲಲ್ಲಿ ಬಿದ್ದಿತ್ತು.

"ಯಾರದು?"

"ಆಫೀಸಲ್ಲಿ ಒಬ್ರು. ಆ ಅಂಕಣ ಬರೆಯೋರು."

"ನಾನು ಪೇಪರಲ್ಲಿ ಓದಿ ತಿಳ್ಕೋಬೇಕಾ? ಮತ್ತೆ ಎಲ್ರ ಜೊತೆಗೇನಾ?"

"ಪುಟ್ಟ, ನಿಜ ಹೇಳ್ಬೇಕಂದ್ರೆ, ಹೇಳೋಕೆ ಏನೂ ಇರ್ಲಿಲ್ಲ. ಅವ್ರು ಯಾರು ಅಂತ ಗೊತ್ತು. ನನಗೇನಾಗಿದೆ ಅಂತ್ಲೇ ಗೊತ್ತಿಲ್ಲ."

"ಇಷ್ಟಾನಾ ಅವ್ರು?"

"ಗೊತ್ತಿಲ್ಲ ಕಣೆ!"

"ಊಟಕ್ಕೆ ಬನ್ನಿ ಅಂತ ಊರಿಗೆಲ್ಲ ಕೇಳೋ ಹಾಗೆ ಕರ್ದಿದ್ದೀಯಾ, ಇಷ್ಟಾನಾ ಅಂದ್ರೆ ಗೊತ್ತಿಲ್ಲ." ಮಗಳು ಬ್ಯಾಗು ಹೆಗಲಿಗೇರಿಸಿದಳು. ಕಣ್ಣು ತುಂಬಿತ್ತು, ಅದು ಕಾಣಬಾರದೆಂದು ಬಾಗಿಲ ಕಡೆ ತಿರುಗಿಯೇ ಹೇಳಿದಳು. "ಗೊತ್ತಾದಾಗ್ಲಾದ್ರೂ ಹೇಳು. ಮೊದಲು."

"ಮೊದಲು ನಿಂಗೇ."

ಕಚೇರಿಗೆ ಕಾಲಿಟ್ಟಾಗ ಎಲ್ಲರ ತಲೆಯೂ ಪರದೆಗಳ ಹಿಂದೆ ಹುದುಗಿತು. ಎಲ್ಲರ ಭುಜಗಳೂ ನಗುವಿಗೆ ಕುಲುಕುತ್ತಿದ್ದವು. ಸಂಪಾದಕರು ಮಾತ್ರ ನಗುತ್ತಿರಲಿಲ್ಲ.

"ಏನಮ್ಮಾ ಇದು? ಬೆಳಿಗ್ಗೆಯಿಂದ ಊರಲ್ಲಿರೋ ಎಡಗೈಯವರೆಲ್ಲ ಫೋನ್ ಮಾಡ್ತಿದ್ದಾರೆ, ಊಟ ಎಲ್ಲಿ ಅಂತ. ನಾಳೆ ತಿದ್ದುಪಡಿ ಹಾಕ್ಬೇಕಲ್ಲ, ಏನಂತ ಹಾಕ್ಲಿ? ಊಟ ಇಲ್ಲ ಅಂತಲಾ?"

"ತಪ್ಪು ನಂದು ಸರ್. ಅದು ಪುಟಕ್ಕೆ ಬರೆದಿದ್ದಲ್ಲ."

"ಪುಟಕ್ಕಲ್ಲ ಅಂತ ನಂಗೂ ಗೊತ್ತಾಯ್ತು ತಾಯಿ." ಕನ್ನಡಕ ತೆಗೆದು ಒರೆಸಿದರು. "ಇಷ್ಟು ವರ್ಷದಲ್ಲಿ ನೀವು ಮಾಡಿದ ತಪ್ಪಲ್ಲಿ ಚೆನ್ನಾಗಿ ಬರೆದಿರೋದು ಇದೊಂದೇ. ಹೋಗಿ ಕೆಲಸ ನೋಡಿ. ಇನ್ನೊಂದ್ಸಲ ಆಗ್ಬಾರ್ದು."

ಮಧ್ಯಾಹ್ನ ಊಟಕ್ಕೆ ಹೋಗುವುದೇ ಬೇಡವೆಂದು ಕೂತಿದ್ದಳು. ಹೋಗದಿದ್ದರೆ ಬಂದವನು ಖಾಲಿ ಕುರ್ಚಿ ನೋಡುತ್ತಾನೆ ಎನ್ನಿಸಿ ಎದ್ದಳು. ಮೂಲೆ ಕುರ್ಚಿಯಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆಯದೆ ಕಾದಳು.

ಕ್ಯಾಲೆಂಡರ್ ಡಬ್ಬಿ ಹಿಡಿದು ಬಂದ. ಎದುರು ಕೂರಲಿಲ್ಲ. ಅವಳ ಮೇಜನ್ನು ಗೋಡೆಯಿಂದ ಒಂದಿಷ್ಟು ಈಚೆಗೆಳೆದು, ಅವಳು ಸರಿದುಕೊಂಡಾಗ ಆ ಸಂದಿಯಲ್ಲಿ ಕುರ್ಚಿ ತುರುಕಿ, ಅವಳ ಎಡಕ್ಕೆ ಗೋಡೆಯ ಜಾಗದಲ್ಲಿ ಕೂತ.

"ಎದುರು ಕೂರಿ ಅಂದಿದ್ದೆ," ಅಂದಳು, ಡಬ್ಬಿ ನೋಡುತ್ತಾ.

"ಎದುರು ಕೂತ್ರೆ ಮೊಣಕೈ ತಾಗಲ್ಲ."

ಅವಳ ಕಿವಿ ಬಿಸಿಯಾಯಿತು. ಕ್ಯಾಂಟೀನಿಗೆ ಕ್ಯಾಂಟೀನೇ ಚಮಚೆ ಸದ್ದು ನಿಲ್ಲಿಸಿ ಕಿವಿಯಾಗಿತ್ತು.

"ಒಂದು ವಿಷಯ ಹೇಳ್ಬೇಕು ಮೇಡಂ. ನೀವು ತಪ್ಪು ತಿಳ್ಕೋಬಾರ್ದು." ಅವನು ಗಂಟಲು ಸರಿಮಾಡಿಕೊಂಡ. "ಎಡಗೈಯವರ ದಿನ ಅಂತ ನಿಜವಾಗ್ಲೂ ಇದೆ. ಜಗತ್ತೆಲ್ಲ ಆಚರಿಸ್ತಾರೆ. ನೀವು ನಿಲ್ಲಿಸಿ ಅಂದಿದ್ರಲ್ಲ, ಅದಕ್ಕೇ ನಿಜವಾದ್ದನ್ನೇ ಬರೆದಿದ್ದೆ."

ಅವಳು ಮೊದಲ ಸಲ ತಲೆಯೆತ್ತಿದಳು. "ಅಂದ್ರೆ ಅದು ನನಗಲ್ವಾ?"

"ಪೇಪರಿಗೆ."

"ಹಾಗಾದ್ರೆ ನನ್ನ ಕೈ ನೀವು ನೋಡೇ ಇಲ್ಲ!"

"ನೋಡ್ದೆ ಏನು? ಬಂದ ಮೊದಲ ದಿನವೇ ನೋಡಿದ್ದೆ. ಅದಕ್ಕೇ ಆ ಸಾಲು ಬರೆಯೋಕೆ ಒಂದು ಗಂಟೆ ಹಿಡೀತು. ಕೀಟಲೆ ಅಂತ ನೀವು ಅಂದ್ಕೊಂಡ್ರೆ ಅಂತ ಹೆದರಿ ಮೂರು ಸಲ ಅಳಿಸಿದೆ. ಕೊನೆಗೆ, ನಿಜ ತಾನೇ, ಇವ್ರು ನಿಜಕ್ಕೆ ಬೇಜಾರು ಮಾಡ್ಕೊಳ್ಳಲ್ಲ ಅಂತ ಧೈರ್ಯ ಮಾಡಿದೆ."

"ನಾನು ಅದನ್ನ ಸುಳ್ಳು ಅಂದ್ಕೊಂಡೆ."

"ಸುಳ್ಳು ಅಂದ್ಕೊಂಡೂ ಕತ್ತರಿಸ್ಲಿಲ್ಲ." ಅವನ ದನಿ ಮೆತ್ತಗಾಯಿತು. "ಯಾಕೆ?"

ಅದೇ ಪ್ರಶ್ನೆ. ಬೆಳಿಗ್ಗೆ ಮಗಳು ಕೇಳಿದ್ದೂ ಇದನ್ನೇ ಅಲ್ಲವೇ? ಆಗ ಗೊತ್ತಿಲ್ಲ ಅಂದದ್ದು ಸುಳ್ಳಲ್ಲ. ಆದರೆ ಈಗ, ಅವನ ಮೊಣಕೈ ಅವಳ ಮೊಣಕೈಗೆ ತಾಗಿ, ಇಬ್ಬರೂ ಸರಿಸಿಕೊಳ್ಳದೆ ಕೂತ ಈ ಹೊತ್ತಿನಲ್ಲಿ, ವಾರಗಟ್ಟಲೆ ಕಲಕಿದ್ದ ನೀರು ತಾನಾಗಿ ತಿಳಿಯಾಯಿತು. ಗೊತ್ತಾಗಿಬಿಟ್ಟಿತು. ಮಗಳ ಬೆನ್ನು ಕಣ್ಣ ಮುಂದೆ ಬಂತು. ಸಂಜೆಯವರೆಗೆ ತಡೆಯಬಹುದಿತ್ತು. ಸ್ವಲ್ಪ ಟೈಮ್ ಕೊಡಿ ಅಂದಿದ್ದರೆ ಈ ಮನುಷ್ಯ ಬೇಡ ಅನ್ನುವವನಲ್ಲ.

"ಯಾಕಂದ್ರೆ ನೀವು ನಂಗೆ ಇಷ್ಟ," ಅಂದಳು.

ಅವನು ಅವಳ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟ.

ಸಂಜೆ ಮನೆಗೆ ಬಂದಾಗ ಮಗಳು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ತಾಯಿ ಚಪ್ಪಲಿ ಬಿಟ್ಟು ಅಲ್ಲೇ ನಿಂತಳು.

"ಪುಟ್ಟ, ಗೊತ್ತಾಯ್ತು. ಇಷ್ಟ."

ಇಸ್ತ್ರಿಪೆಟ್ಟಿಗೆ ನಿಂತಿತು. ಮಗಳ ಮುಖದಲ್ಲಿ ನಗು ಬರಲೋ ಬೇಡವೋ ಎಂದು ಇಣುಕಿತು. "ಅವ್ರಿಗೆ ಗೊತ್ತಾ?"

ಇಲ್ಲ ಅಂದಿದ್ದರೆ ಆ ನಗು ಪೂರ್ತಿ ಬಂದುಬಿಡುತ್ತಿತ್ತು.

"ಗೊತ್ತು. ಮಧ್ಯಾಹ್ನ ಹೇಳ್ಬಿಟ್ಟೆ."

"ನನಗಿಂತ ಮೊದ್ಲು."

"ನಿನಗಿಂತ ಮೊದ್ಲು."

ಮಗಳು ಸ್ವಿಚ್ ಆರಿಸಿ, ಯೂನಿಫಾರ್ಮನ್ನು ನಿಧಾನವಾಗಿ ಹ್ಯಾಂಗರಿಗೆ ಹಾಕಿದಳು. ಗುಂಡಿಗಳನ್ನು ಒಂದೊಂದಾಗಿ ಹಾಕಿ ಮುಗಿಸಿದಳು.

"ಭಾನುವಾರ ಕರಿ, ನೋಡ್ತೀನಿ ಹೇಗಿದ್ದಾರೆ ಅಂತ. ಕೋಪ ಹೋಗಿದೆ ಅಂತ ಮಾತ್ರ ಅಂದ್ಕೋಬೇಡ."

"ಅಂದ್ಕೊಳ್ಳಲ್ಲ."

ಮೊದಲು ಮಗಳಿಗೆ ಹೇಳುತ್ತೇನೆಂದು ಕೊಟ್ಟಿದ್ದ ಮಾತನ್ನು ತಾಯಿ ಮುರಿದಳು.