ಈರುಳ್ಳಿ ಸಿಪ್ಪೆಯ ಹಳದಿ ನೀರು

"ನೀವೇನಾ ಸಿಪ್ಪೆ ಮೇಡಂ?"

ಲ್ಯಾಬಿನ ಬಾಗಿಲಲ್ಲಿ ನಿಂತ ಹೆಂಗಸಿನ ಕೈಯಲ್ಲಿ ಸ್ಟೀಲ್ ಬಾಟಲಿಯಿತ್ತು, ಕಣ್ಣಲ್ಲಿ ಕೆಂಡವಿತ್ತು. ಸಂಶೋಧನೆಗೆಂದು ಕ್ಯಾಂಟೀನಿನಿಂದ ಈರುಳ್ಳಿ ಸಿಪ್ಪೆಯನ್ನು ಚೀಲಗಟ್ಟಲೆ ಹೊತ್ತು ತರುವವಳಿಗೆ ಇಲ್ಲಿ ಎಲ್ಲರೂ ಇಟ್ಟ ಹೆಸರು ಅದು. ಅವಳು ಹೌದೆಂದು ತಲೆಯಾಡಿಸಿದಳು.

"ನಾನು ನಿಮ್ಮ ಗಾಜಿನವನ ಅಕ್ಕ. ನೀವು ಕೊಡ್ತಿರೋ ಈ ಔಷಧಿ ನಂಬ್ಕೊಂಡು ಆಸ್ಪತ್ರೆ ಮಾತ್ರೆ ಬಿಟ್ಟಿದ್ದಾನೆ. ಶ್ವಾಸಕೋಶದ ಗಡ್ಡೆ ದೊಡ್ಡದಾಗಿದೆಯಂತೆ. ಇದು ಯಾವಾಗ ಕೆಲಸ ಮಾಡುತ್ತೆ, ಅದನ್ನಾದ್ರೂ ಹೇಳಿ."

"ನಾನು ಅವರಿಗೆ ಏನೂ ಕೊಟ್ಟಿಲ್ಲ."

ಅಕ್ಕ ಮುಚ್ಚಳ ತೆಗೆದಳು. ಒಳಗೆ ಹಳದಿ ನೀರು. ಬೆಂದ ಈರುಳ್ಳಿ ಸಿಪ್ಪೆಯ ವಾಸನೆಯನ್ನು ಸಿಪ್ಪೆ ಮೇಡಂ ನಿದ್ದೆಯಲ್ಲೂ ಗುರುತಿಸಬಲ್ಲಳು. ಅವನಿಗೆ ಕಾಯಿಲೆ ಇದೆಯೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಗಾಜಿನವನ ವರ್ಕ್‌ಶಾಪ್ ಇದ್ದದ್ದು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ. ಲ್ಯಾಬುಗಳಲ್ಲಿ ಒಡೆದ ಗಾಜಿನ ಪಾತ್ರೆಗಳನ್ನು ಬೆಂಕಿಯಲ್ಲಿ ಕಾಯಿಸಿ, ಊದಿ, ಮತ್ತೆ ಬೆಸೆಯುವುದು ಅವನ ಕೆಲಸ. ಅವಳು ಮೆಟ್ಟಿಲಿಳಿದು ಬಂದರೆ ಸಾಕು, ಬೆಂಕಿ ನೋಡುವ ಬಣ್ಣದ ಕನ್ನಡಕ ಹಣೆಗೇರುತ್ತಿತ್ತು.

"ಮತ್ತೆ ಒಡೆದ್ರಾ?"

"ಕೈ ಜಾರ್ತು."

"ನಿಮ್ಮ ಕೈಗೆ ಗಾಜು ಕಂಡ್ರೆ ಅದೇನು ಹಗೆನೋ."

ಹೀಗೆನ್ನುತ್ತ ಬಿರುಕನ್ನು ದೀಪಕ್ಕೆ ಹಿಡಿದು ನೋಡುವನು. ನೋಟ ಮಾತ್ರ ಗಾಜನ್ನು ದಾಟಿ ಅವಳ ಮುಖಕ್ಕೆ ಬಂದು ನಿಲ್ಲುತ್ತಿತ್ತು. ಅವಳು ಗೋಡೆಯ ಮೇಲಿನ ಪೈಪುಗಳನ್ನು ಬಹಳ ಆಸಕ್ತಿಯಿಂದ ನೋಡುವಳು. ಪೈಪಿನಲ್ಲಿ ನೋಡುವಂಥದ್ದು ಏನಿರುತ್ತದೆ ಹೇಳಿ.

ಒಂದು ಮಧ್ಯಾಹ್ನ ಅವಳು ಓಡುತ್ತಲೇ ಇಳಿದು ಬಂದಿದ್ದಳು. ಸಿಪ್ಪೆಗೆ ಬಣ್ಣ ಕೊಡುವ ಫ್ಲೇವನಾಯ್ಡ್ ಎಂಬ ವಸ್ತುವನ್ನು ಬೇರ್ಪಡಿಸಿ ಹಾಕಿದರೆ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಬೆಳವಣಿಗೆ ನಿಂತುಹೋಗಿತ್ತು. ಅದನ್ನು ಮೊದಲು ಹೇಳಬೇಕೆನಿಸಿದ್ದು ಅವನಿಗೆ.

"ಅಂದ್ರೆ, ಇದರಿಂದ ಕಾಯಿಲೆ ವಾಸಿಯಾಗುತ್ತಾ?" ಎಂದು ಅವನು ಮೆಲ್ಲಗೆ ಕೇಳಿದ್ದ.

"ಯಾಕಾಗ್ಬಾರ್ದು?" ಎಂದಿದ್ದಳು.

ತಟ್ಟೆಗೆ ಹೊಟ್ಟೆಯಿಲ್ಲ, ಕರುಳಿಲ್ಲ, ಯಕೃತ್ತಿಲ್ಲ. ಕುಡಿದದ್ದರಲ್ಲಿ ರಕ್ತಕ್ಕೆ ಸೇರುವುದೇ ಚೂರುಪಾರು, ಅದನ್ನೂ ಯಕೃತ್ತು ರೂಪ ಬದಲಿಸಿ ಹೊರಗೆ ಹಾಕುತ್ತದೆ. ಇದು ಅವಳಿಗೆ ಅಂದೂ ಚೆನ್ನಾಗಿ ಗೊತ್ತಿತ್ತು. ಆದರೆ ಅವನ ಮುಖ ಅಷ್ಟು ಅರಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಉಳಿದ ಮಾತು ಬಾಯಿಗೆ ಬರಲೇ ಇಲ್ಲ.

ಈಗ ಅಕ್ಕನ ಹಿಂದೆಯೇ ಮೆಟ್ಟಿಲಿಳಿದಳು. ಅವನು ಸ್ಟೂಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಪಕ್ಕದ ಒಲೆಯ ಮೇಲೆ, ಅವಳೇ ಬೆಸೆಯಲು ಕೊಟ್ಟಿದ್ದ ಗಾಜಿನ ಫ್ಲಾಸ್ಕಿನಲ್ಲಿ, ಸಿಪ್ಪೆ ಕುದಿಯುತ್ತಿತ್ತು.

"ಇದರಿಂದ ಏನೂ ಆಗಲ್ಲ," ಎಂದಳು. "ತಟ್ಟೆ ಬೇರೆ, ಮನುಷ್ಯನ ಮೈ ಬೇರೆ. ನಾನು ಅವತ್ತೇ ಹೇಳ್ಬೇಕಿತ್ತು. ಯಾಕೆ ಮಾತ್ರೆ ಬಿಟ್ರಿ?"

ಅವನು ಅಕ್ಕನತ್ತ ನೋಡಿದ. ಅಕ್ಕ ಮುಖ ತಿರುಗಿಸಿ ಹೊರಗೆ ಹೋದಳು.

"ಮಾತ್ರೆ ತಗೊಂಡ್ರೆ ಕೈ ನಡುಗ್ತಿತ್ತು," ಎಂದ. "ನಡುಗೋ ಕೈಲಿ ಗಾಜು ಬೆಸೆಯೋಕಾಗಲ್ಲ. ಬೆಸೆಯೋಕಾಗ್ದಿದ್ರೆ ನೀವು ಈ ಮೆಟ್ಟಿಲು ಯಾಕೆ ಇಳೀತೀರಿ? ಅಷ್ಟರಲ್ಲಿ ನೀವು ಸಿಪ್ಪೆ ವಿಷಯ ಹೇಳಿದ್ರಿ. ನನಗೆ ಬೇಕಾಗಿದ್ದೂ ಅದೇ ನೆಪ."

ಅವಳು ಒಲೆ ಆರಿಸಿ ಅವನೆದುರು ಕೂತಳು.

"ನನ್ನ ಕೈ ಯಾವತ್ತೂ ಜಾರಿಲ್ಲ ಕಣೋ," ಎಂದಳು. "ನಾನೇ ಸಿಂಕಿಗೆ ಕುಟ್ಟಿ ಒಡೀತಿದ್ದೆ. ನಿನ್ನ ಕೈ ನಡುಗಿದ್ರೂ ಬರ್ತಿದ್ದೆ."

ಅವನು ನಗಲು ಹೋದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ.

ಮಾತ್ರೆ ಮತ್ತೆ ಶುರು ಮಾಡಿದರೂ ಇನ್ನು ಉಪಯೋಗವಿಲ್ಲ ಎಂದರು ಡಾಕ್ಟರ್. ಕಾಯಿಲೆ ಕೈಮೀರಿತ್ತು. ಅಕ್ಕ ಸಿಪ್ಪೆ ಮೇಡಂ ಜೊತೆ ಮಾತು ಬಿಟ್ಟಳು. ಆದರೂ ಆಸ್ಪತ್ರೆಯ ಮಂಚದ ಪಕ್ಕ ಇದ್ದ ಒಂದೇ ಕುರ್ಚಿಯನ್ನು ಸಂಜೆಯಾದರೆ ಖಾಲಿ ಬಿಟ್ಟು ಕಾರಿಡಾರಿಗೆ ಹೋಗುತ್ತಿದ್ದಳು.

ಒಂದು ಸಂಜೆ ಅವನು ಹಳದಿ ನೀರು ಕೇಳಿದ. ಅಭ್ಯಾಸ ಆಗಿಬಿಟ್ಟಿದೆ, ಬೇರೇನೂ ರುಚಿಸುತ್ತಿಲ್ಲ ಎಂದ. ಡಾಕ್ಟರನ್ನು ಕೇಳಿದರೆ, ಈಗ ಏನು ಕೇಳಿದರೂ ಕೊಡಿ ಎಂದರು. ಆ ಮಾತಿಗೆ ಸಿಪ್ಪೆ ಮೇಡಂ ಕಾರಿಡಾರಿನ ಗೋಡೆಗೆ ತಲೆಯಾನಿಸಿ ಅತ್ತಳು. ಮರುದಿನ ಮನೆಯಲ್ಲೇ ಸಿಪ್ಪೆ ಕುದಿಸಿ, ಸೋಸಿ ತಂದಳು.

ಅವನು ಒಂದು ಗುಟುಕು ಕುಡಿದು ಅವಳನ್ನೇ ನೋಡಿದ.

"ಕೆಲಸ ಮಾಡುತ್ತಾ?"

ಒಂದು ಸುಳ್ಳು ಹೇಳಬಹುದಿತ್ತು. ಮುಖ ಮತ್ತೊಮ್ಮೆ ಅರಳುತ್ತಿತ್ತು.

"ಇಲ್ಲ," ಎಂದಳು.

ಅವನು ಕಣ್ಣು ಮುಚ್ಚಿಕೊಂಡ. ಹಾಗೆಯೇ ಕೇಳಿದ, "ನಾಳೆ ಬರ್ತೀಯಾ?"

"ಬರ್ತೀನಿ."

"ಏನೂ ಒಡೀದೇ?"

"ಏನೂ ಒಡೀದೇ."

ಅವನು ಕೈ ಚಾಚಿದ. ಮಾತ್ರೆ ಬಿಟ್ಟ ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಅವಳು ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅದು ನಡುಗಲಿ, ಒಮ್ಮೆಯಾದರೂ ನಡುಗಲಿ ಎಂದು ಕಾಯುತ್ತ ಕೂತಳು.