ಸೌನಾದಲ್ಲಿ ಬೆವರಿದ ಗಿಟಾರ್

ನಮ್ಮ ಕಟ್ಟಡದ ಸೌನಾದ, ಅದೇ ಉಗಿಸ್ನಾನದ ಕೋಣೆಯ, ಕಾವು ಎಂಥದ್ದೆಂದರೆ, ಒಮ್ಮೆ ಅಲ್ಲಿನ ಕಬ್ಬಿಣದ ಬಕೆಟ್ಟೇ ತಾಳಲಾರದೆ ಎದ್ದು ಹೊರಗೆ ಬಂದು, ಹಿಮದಲ್ಲಿ ಹೊರಳಾಡಿ, ಮೈ ಒರೆಸಿಕೊಳ್ಳಲು ಟವೆಲ್ ಕೇಳಿತ್ತು. ತಾಂಪೆರೆ ಊರಿನಲ್ಲಿ ಯಾರನ್ನು ಬೇಕಾದರೂ ವಿಚಾರಿಸಿ.

ಅಂಥ ಸೌನಾದ ಬಾಗಿಲು ಆ ಶುಕ್ರವಾರ ಸಂಜೆ ಧಡಾರನೆ ತೆರೆಯಿತು. ಆವಿಯ ಮೋಡದೊಳಗಿಂದ, ಸೊಂಟಕ್ಕೆ ಟವೆಲ್ ಸುತ್ತಿಕೊಂಡ ಗಂಡಸೊಬ್ಬ ಹೊರಬಂದ. ಅವನ ತೋಳಿನಲ್ಲಿ, ಈಗ ತಾನೇ ಹುಟ್ಟಿದ ಕೂಸಿನ ಹಾಗೆ, ತಂತಿಯಿಲ್ಲದ ಗಿಟಾರಿನ ಮರದ ಒಡಲು!

ಮೆಟ್ಟಿಲಿಳಿದು ಓಡಿಬಂದ, ನಮ್ಮ ಕಟ್ಟಡದವಳೇ ಆದ ಸೈಮಿ ಅಲ್ಲೇ ನಿಂತುಬಿಟ್ಟಳು.

“ಇದು ನಿಮ್ದಾ?” ಎಂದ ಅವನು.

“ನೀರು ಹಾಕಿದ್ರಾ?”

“ಸೌನಾ ಅಲ್ವಾ... ಕಾದ ಕಲ್ಲಿಗೆ ನೀರು ಹಾಕದೆ ಇನ್ನೇನು ಹಾಕ್ಲಿ?”

ಅವನು ಮೂರನೇ ಮಹಡಿಗೆ ಹೊಸದಾಗಿ ಬಂದ ತಾವಿ. ಟ್ರಾಮ್ ಓಡಿಸುವವನು. ಶುಕ್ರವಾರ ಸೈಮಿಯ ಸರದಿ ಮುಗಿದ ಮೇಲೆ ಸೌನಾ ಅವನದು. ನೆಗಡಿಗೆ, ಸಿಟ್ಟಿಗೆ, ಮುರಿದ ಮನಸ್ಸಿಗೆ, ನಮ್ಮವರಿಗೆ ಎಲ್ಲಕ್ಕೂ ಸೌನಾವೇ ಮದ್ದು. ತಾನೇ ಕಟ್ಟುತ್ತಿದ್ದ ಗಿಟಾರಿಗೆ ಮೆತ್ತಿದ ಹಸಿ ಲೇಪವೂ ಅಲ್ಲಿ ಬೇಗ ಒಣಗೀತೆಂದು ಸೈಮಿ ಅದನ್ನು ಮೇಲಿನ ಹಲಗೆಯ ಮೂಲೆಯಲ್ಲಿಟ್ಟು, ಮರೆತು ಮನೆಗೆ ಹೋಗಿದ್ದಳು. ಮಬ್ಬು ಬೆಳಕಿನಲ್ಲಿ ತಾವಿಗೆ ಅದು ಕಾಣುವಷ್ಟರಲ್ಲಿ ಆವಿ ತನ್ನ ಕೆಲಸ ಮುಗಿಸಿತ್ತು.

ಅದು ಆಶ್ ಮರ. ಮೈತುಂಬ ಸೂಜಿಮೊನೆಯಂಥ ರಂಧ್ರಗಳು. ಅವನ್ನು ಲೇಪದಿಂದ ತುಂಬಿ ನುಣುಪು ಮಾಡದಿದ್ದರೆ, ಒಂದು ಸರೋವರದಷ್ಟು ಮೆರುಗೆಣ್ಣೆ ಸುರಿದರೂ ಕುಡಿದು, ಇನ್ನೂ ಬಾಯಾರಿಕೆ ಎನ್ನುತ್ತದೆ. ಈಗ ಆ ಲೇಪವೆಲ್ಲ ಉಕ್ಕಿದ ಗಂಜಿಯಂತೆ ಉಬ್ಬಿ ನಿಂತಿತ್ತು.

ಸೈಮಿ ಬೈಯಲಿಲ್ಲ. ಒಡಲನ್ನು ಅವನ ಕೈಯಿಂದ ಇಸಿದುಕೊಂಡಳು.

ಅವಳ ಮನೆಯಲ್ಲಿ ಒಂದೇ ತೋಳಿನ ಸ್ವೆಟರ್ ಇತ್ತು, ತಳವಿಲ್ಲದ ದೋಣಿ ಇತ್ತು, ಮದುವೆಯವರೆಗೆ ಹೋಗದ ನಿಶ್ಚಿತಾರ್ಥದ ಉಂಗುರವಿತ್ತು. “ನಿನ್ನ ಕೈಯಲ್ಲಿ ಯಾವುದೂ ಮುಗಿಯಲ್ಲ” ಎಂದು ಹೇಳಿ, ಆ ಉಂಗುರ ತೊಡಿಸಿದ ಯಾರ್ಕೊ ಹೊರಟುಹೋಗಿದ್ದ. ಈ ಗಿಟಾರನ್ನಾದರೂ ತನ್ನ ಕೈಯಿಂದಲೇ ಮುಗಿಸುತ್ತೇನೆಂದು ಅವಳು ಹಟ ಹಿಡಿದಿದ್ದಳು. ಇದೂ ಕೆಟ್ಟರೆ... ಅವನ ಮಾತೇ ನಿಜವಾಗಿಬಿಡುತ್ತದಲ್ಲ!

ಮರುದಿನ ತಾವಿ ದಾಲ್ಚಿನ್ನಿ ಬನ್ನು ಹಿಡಿದುಕೊಂಡು ಕೆಳಗಿನ ಕೆಲಸದ ಕೋಣೆಗೆ ಬಂದ. ಸಹಾಯ ಮಾಡಲೇ ಎಂದ. ಬೇಡ ಎಂದಳು. ನೋಡಬಹುದೇ ಎಂದ.

“ನೋಡಿ. ಕೈ ಮಾತ್ರ ಹಾಕ್ಬೇಡಿ.”

ಅಂದಿನಿಂದ ಪಾಳಿ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂರುವುದು ಅವನ ರೂಢಿಯಾಯಿತು. ಕೋಣೆಯ ಇನ್ನೊಂದು ಕೀಲಿಯನ್ನೂ ಅವಳು ಕೊಟ್ಟಳು. ಅವನ ಪ್ರಶ್ನೆಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಹೆಲ್ಸಿಂಕಿ ಮುಟ್ಟುತ್ತಿದ್ದವು. ಕಡಿದ ಮರಕ್ಕೂ ಬಾಯಾರಿಕೆಯೇ? ಲೇಪಕ್ಕೆ ಕಪ್ಪು ಬಣ್ಣವೇಕೆ? ತುಂಬಿದ್ದು ಒಣಗಿದ ಮೇಲೆ ಮತ್ತೆ ಕುಸಿಯುವುದೇಕೆ? ಗೋಣಿಬಟ್ಟೆಯಲ್ಲಿ ಅಡ್ಡಡ್ಡ ಉಜ್ಜುವುದೇಕೆ?

ಮರದ ಎಳೆಯ ಉದ್ದಕ್ಕೆ ಉಜ್ಜಿದರೆ ತುಂಬಿದ್ದೆಲ್ಲ ಕಿತ್ತು ಬರುತ್ತದೆಂದು ಅವಳು ವಿವರಿಸಿದಳು. ಯಾರ್ಕೊ ಒಮ್ಮೆಯೂ ಏನನ್ನೂ ಕೇಳಿರಲಿಲ್ಲ ಎಂಬುದು ಆಗ ನೆನಪಾಯಿತು. ಇವನು ನಾಳೆ ಏನು ಕೇಳಬಹುದು... ಎಂದು ಅವಳಿಗೇ ಕುತೂಹಲ ಹುಟ್ಟತೊಡಗಿತ್ತು.

ಒಂದು ಸಂಜೆ ಅವಳು ಹೊಸ ಲೇಪ ಉಜ್ಜುತ್ತಿದ್ದಾಗ ಅವನು ಮೆಲ್ಲಗೆ ಕೇಳಿದ.

“ಮುಗಿದ ಮೇಲೆ ಮೊದಲು ಯಾರಿಗೆ ನುಡಿಸಿ ಕೇಳಿಸ್ತೀರಿ?”

ಕೆನ್ನೆ ಬಿಸಿಯಾಯಿತು. ತಲೆ ತಗ್ಗಿಸಿ ಉಜ್ಜುತ್ತಲೇ ಇದ್ದಳು.

ಮರುದಿನ ದೀಪದಡಿ ಒಡಲನ್ನು ಓರೆಯಾಗಿ ಹಿಡಿದು ನೋಡಿದರೆ, ಎಳೆಯ ಉದ್ದಕ್ಕೇ ಎಳೆದ ಒಂದು ಪಟ್ಟೆ! ಅಲ್ಲಿ ಲೇಪವೆಲ್ಲ ಕಿತ್ತು, ರಂಧ್ರಗಳು ಬಾಯಿ ತೆರೆದಿದ್ದವು.

“ಕೈ ಹಾಕ್ಬೇಡಿ ಅಂದಿದ್ನಲ್ಲಾ?”

ತಾವಿ ಆ ಪಟ್ಟೆಯನ್ನು ನೋಡಿದ. ಅವಳ ಕೈಯನ್ನು ನೋಡಿದ. ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ.

ಆ ವಾರವೇ ಅವನು ತನ್ನ ಶುಕ್ರವಾರದ ಸರದಿಯನ್ನು ಪಕ್ಕದ ಮನೆಯ ಕುಲ್ಲಿಕ್ಕಿ ಅಜ್ಜಿಗೆ ಕೊಟ್ಟು, ಯಾರಿಗೂ ಬೇಡವಾದ ಮಂಗಳವಾರವನ್ನು ತಾನು ತೆಗೆದುಕೊಂಡ. ನಮ್ಮಲ್ಲಿ ಶುಕ್ರವಾರದ ಸೌನಾ ಬಿಟ್ಟುಕೊಡುವುದೆಂದರೆ ಮೂತ್ರಪಿಂಡ ಕಿತ್ತುಕೊಟ್ಟ ಹಾಗೆ. ಅಜ್ಜಿ ಸೈಮಿಗೆ ಇದನ್ನು ಹೇಳುತ್ತ, ಅಷ್ಟು ದೊಡ್ಡ ಜಗಳ ಏನಾಯಿತೇ ಎಂದು ಬಾಯಿ ಬಿಡಿಸಲು ನೋಡಿದರು.

ಸೈಮಿ ಎಲ್ಲವನ್ನೂ ಕೆರೆದು, ಮತ್ತೆ ಲೇಪ ಮೆತ್ತಿ, ಅಡ್ಡಡ್ಡ ಉಜ್ಜತೊಡಗಿದಳು. ಸ್ಟೂಲು ಖಾಲಿಯಿತ್ತು. ಅವನು ಕೊನೆಗೆ ಕೇಳಿದ ಪ್ರಶ್ನೆ ನೆನಪಾಯಿತು. ಯಾರಿಗೆ ಅಂತ ಇಷ್ಟಕ್ಕೂ ಕೇಳಬೇಕೇ, ಪೆದ್ದ...

ಕೈ ನಿಂತಿತು.

ಗೋಣಿಬಟ್ಟೆಯ ಕೆಳಗೆ, ಎಳೆಯ ಉದ್ದಕ್ಕೆ, ಅದೇ ಜಾಗದಲ್ಲಿ ಅದೇ ಪಟ್ಟೆ ಮೂಡಿತ್ತು. ಅವನ ಬಗ್ಗೆ ಯೋಚಿಸುತ್ತ ಅವಳ ಕೈಯೇ ದಾರಿ ತಪ್ಪಿತ್ತು. ಅಂದೂ... ಇಂದೂ.

ಒಡಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನ ಟ್ರಾಮ್ ಹತ್ತಿ ಕೊನೆಯ ನಿಲ್ದಾಣದವರೆಗೆ ಕುಳಿತಳು. ಅಲ್ಲಿ ಟ್ರಾಮ್ ತಿರುಗುವುದಿಲ್ಲ; ವಾಪಸು ಓಡಿಸಲು ಚಾಲಕನೇ ಒಂದು ತುದಿಯಿಂದಿಳಿದು ಇನ್ನೊಂದು ತುದಿಗೆ ನಡೆಯಬೇಕು. ಮಾತಿಗೆ ಅಷ್ಟೇ ಸಮಯ.

“ಆ ಪಟ್ಟೆ ನಂದೇ ತಾವಿ. ನಾನೇ ಎಳೆದದ್ದು.”

“ಗೊತ್ತಿತ್ತು. ಅಲ್ಲೇ ಕೂತಿದ್ನಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಮುಗಿಸ್ಬೇಕು ಅಂತಿದ್ರಿ. ನಿಮ್ಮ ಕೈಯೇ ಕೆಡಿಸ್ತು ಅಂತ ನಾನು ಹೇಗೆ ಹೇಳ್ಲಿ?”

ಅವಳ ಕಣ್ಣು ತುಂಬಿತು. “ಇನ್ನೊಂದು ಸುತ್ತು ಲೇಪ ಬೇಕು ಇದಕ್ಕೆ. ಒಂದು ಬದಿ ನೀವು ಉಜ್ತೀರಾ?”

ತಾವಿ ಅವಳನ್ನು ಬರಸೆಳೆದು ಮುತ್ತಿಟ್ಟ. ಆ ಮುತ್ತಿನ ಕಾವಿಗೆ ಸರೋವರದ ಮಂಜುಗಡ್ಡೆ ಆಚೆ ದಡದವರೆಗೆ ಬಿರುಕು ಬಿಟ್ಟಿತು. ಪ್ರಯಾಣಿಕರೆಲ್ಲ ಎದ್ದು ಕುಣಿದರು. ಟ್ರಾಮ್ ಹಳಿ ಬಿಟ್ಟು ಮೋಡದ ಮೇಲೆ...

“ಯಾವ ಮುತ್ತು, ಯಾವ ಮೋಡ, ನಾನೂ ಅದೇ ಟ್ರಾಮಿನಲ್ಲಿ ಮೀನು ಕೊಂಡು ಬರುತ್ತಿದ್ದೆನಲ್ಲ” ಎಂದು ಕುಲ್ಲಿಕ್ಕಿ ಅಜ್ಜಿ ಗದರುತ್ತಿದ್ದಾರೆ. ಸರಿ, ಒಪ್ಪಿಕೊಳ್ಳಲೇಬೇಕು. ಮುತ್ತೂ ಇಲ್ಲ, ಕುಣಿತವೂ ಇಲ್ಲ. ಯಾರೂ ತಲೆಯೆತ್ತಿ ಕೂಡ ನೋಡಲಿಲ್ಲ.

ನಡೆದದ್ದು ಇಷ್ಟೇ. ತಾವಿ ಕೈಗವಸು ಬಿಚ್ಚಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಸೌನಾದ ಆ ಸಂಜೆಯ ಬಳಿಕ ಮೊದಲ ಸಲ ಆ ಮರವನ್ನು ಮುಟ್ಟಿದ. ಅವನ ಕಿರುಬೆರಳು ಅವಳ ಕಿರುಬೆರಳಿಗೆ ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ.

“ಟ್ರಾಮ್ ತಡ ಆಗ್ತಿದೆ,” ಎಂದಳು ಸೈಮಿ.

ಕೆಲಸಕ್ಕೆ ಸೇರಿದಂದಿನಿಂದ ಒಮ್ಮೆಯೂ ಹೊತ್ತು ಮೀರದವನು ಅವಳ ಮುಖವನ್ನೇ ನೋಡುತ್ತ ಹೇಳಿದ.

“ಆಗಲಿ ಬಿಡೇ.”