ಎಣಿಕೆರಾಯನೂ ಹೊಸ್ತಿಲ ಹಬ್ಬವೂ

ಬಲು ಹಿಂದೆ, ಬೆಕ್ಕುಗಳಿಗೆ ಡೋಲು ಬಾರಿಸಲು ಬರುತ್ತಿದ್ದ ಕಾಲದಲ್ಲಿ, ಬುಗುರಿಪಟ್ಟಣ ಎಂಬ ರಾಜ್ಯವಿತ್ತು. ಅಲ್ಲಿ ಒಂದು ಪದ್ಧತಿ. ಐದು ವರ್ಷ ತುಂಬುವ ತನಕ ಮಕ್ಕಳು ಅರಮನೆಯ ಹಿಂದಿನ ಚಿಣ್ಣರ ಚಾವಡಿಯಲ್ಲಿ ಕಲಿಯಬೇಕು. ಕಲಿಯುವುದೆಂದರೆ ಏನು ಮಹಾ, ಮರಳಿನ ಮೇಲೆ ಅಕ್ಷರ ತಿದ್ದುವುದು, ಮೂಗು ಒರೆಸಿಕೊಳ್ಳುವುದು, ಪಕ್ಕದವರನ್ನು ಚಿವುಟದೆ ಕೂರುವುದು. ಇಷ್ಟು ಬಂದ ಮೇಲೆ ಹೊಸ್ತಿಲ ಹಬ್ಬ. ಅಂದು ದಿನವಿಡೀ ಆಟ. ಹೊತ್ತು ಮುಳುಗುವಾಗ ಐದು ತುಂಬಿದ ಮಕ್ಕಳೆಲ್ಲ ಹೂವಿನ ಹೊಸ್ತಿಲು ದಾಟಿದರೆ ಮರುದಿನದಿಂದ ದೊಡ್ಡ ಶಾಲೆ. ದಾಟದೆ ಉಳಿದ ಮಗು ಮಾತ್ರ ಬೆಳೆಯುವುದಿಲ್ಲ, ಐದು ವರ್ಷದಲ್ಲೇ ನಿಂತುಬಿಡುತ್ತದೆ. ಅದು ಆ ನೆಲದ ಗುಣ.

ಚಾವಡಿಯಲ್ಲಿ ಕಲಿಸುವ ಅಕ್ಕೋರು ಕಾಶವ್ವ. ವಯಸ್ಸು ಚಿಕ್ಕದು, ಕುತೂಹಲ ದೊಡ್ಡದು. ಮುಚ್ಚಿದ ಗಡಿಗೆ ಕಂಡರೆ ಒಳಗೇನಿದೆ ಎಂದು ನೋಡುವವರೆಗೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಆ ವರ್ಷ ರಾಜಕುಮಾರ ಚಂದ್ರಸೇನನೂ ಹೊಸ್ತಿಲು ದಾಟುವವನಿದ್ದ. ಅದೇ ಕುಂಟಾಟ, ಅದೇ ಉಪ್ಪುಮೂಟೆ ಆಡಿಸಿ ಕಾಶವ್ವನಿಗೇ ಬೇಸರವಾಗಿತ್ತು. ಯಾರೂ ಕಾಣದ ಹೊಸ ಆಟ ಸಿಕ್ಕರೆ ಎಷ್ಟು ಚೆನ್ನ ಎಂದು ಅವಳು ವಾರದಿಂದ ಯೋಚಿಸುತ್ತಿದ್ದಳು.

ಹಬ್ಬದ ಬೆಳಿಗ್ಗೆ ಚಾವಡಿಯ ಬಾಗಿಲು ಬಡಿದ ಸದ್ದಾಯಿತು. ಕಿಂಡಿಯಲ್ಲಿ ನೋಡಿದರೆ ಗಳದಂಥ ಉದ್ದನೆಯ ಮನುಷ್ಯ. ಅವನ ಹೆಗಲಿಗೆ ಜೋಳಿಗೆ, ಅತ್ತ ತಿರುಗಿದರೆ ತಲೆಯ ಹಿಂದೆಯೂ ಎರಡು ಕಣ್ಣು. ಅವನ ಬೆನ್ನ ಹಿಂದೆ ಎತ್ತಿನಷ್ಟು ದೊಡ್ಡ ಬೆಕ್ಕು, ಅದರ ಕೊರಳಿಗೆ ಡೋಲು.

"ಕಾಶವ್ವಾ, ತೆಗೀಬ್ಯಾಡ," ಎಂದು ಬಾಗಿಲು ಕಿರುಗುಟ್ಟಿತು. ಆ ಬಾಗಿಲು ಹಾಲು ತರುವವಳು ಬಂದರೂ ಹಾಗೇ ಅನ್ನುತ್ತಿದ್ದುದರಿಂದ ಅದರ ಮಾತಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಕಾಶವ್ವ ತೆರೆದಳು.

"ನಾ ಎಣಿಕೆರಾಯ. ಆಟ ಆಡಿಸೂದು ನನ್ನ ಕಸುಬು," ಎಂದ ಆ ಮನುಷ್ಯ. "ಡೋಲಿನ ತಾಳಕ್ಕ ಆಡೂ ಆಟ ನೋಡೀರೇನು? ಆದ್ರ ಒಂದು ಕರಾರು. ಆಡೋರೆಲ್ಲ ನನ್ನ ಲೆಕ್ಕದಾಗ. ಆಟದಿಂದ ಹೊರಗಾದೋರು ನನ್ನ ಜೋಳಗಿಗೆ. ಹೊತ್ತು ಮುಳುಗೂತನಕ ಆಟ ನಿಲ್ಲಬಾರದು. ನಿಂತರ ಎಲ್ಲಾರೂ ಹೊರಗ."

ಜೋಳಿಗೆ ಎಂದದ್ದು ಆಟದ ಮಾತಿರಬೇಕು ಎಂದುಕೊಂಡಳು ಕಾಶವ್ವ. ಆದರೂ ಕೇಳದಿರಲು ಆಗಲಿಲ್ಲ. "ಮತ್ತ ನೀವ ಹೊರಗಾದರ?"

ಎಣಿಕೆರಾಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲ್ಲೀತನಕ ಹಂಗ ಕೇಳಿದೋರ ಇಲ್ಲ. ನಾ ಹೊರಗಾದರ ಜೋಳಗಿ ನಿಮ್ಮದು, ಹೋಗ್ರಿ."

ಮಕ್ಕಳು ಹೋ ಎಂದು ಅಂಗಳಕ್ಕೆ ಬಂದರು. ಅವರಲ್ಲಿ ಬಸಲಿಂಗ ಎಂಬ ಹುಡುಗನ ಅಂಗಿ ಹಿಡಿದು ಅವನ ತಂಗಿ ಸೋನವ್ವನೂ ಬಂದಳು. ಅವಳಿಗಿನ್ನೂ ಮೂರು ವರ್ಷ, ಕೈಯಲ್ಲಿ ಸದಾ ಒಂದು ಬೆಲ್ಲದ ಚೂರು.

"ನಾನೂ ಆಡ್ತೀನಿ," ಎಂದಳು ಸೋನವ್ವ.

"ಆಡು. ಆದ್ರ ನೀ ಆಟಕ್ಕುಂಟು, ಲೆಕ್ಕಕ್ಕಿಲ್ಲ," ಎಂದ ಬಸಲಿಂಗ. ಉಳಿದ ಮಕ್ಕಳೆಲ್ಲ "ಹೂಂ" ಎಂದರು. ಚಿಕ್ಕವರನ್ನು ಆಡಲು ಬಿಡಬೇಕು, ಅವರು ತಪ್ಪಿದರೆ ಹಿಡಿಯಬಾರದು. ಅದು ಎಲ್ಲ ಅಂಗಳಗಳ ನ್ಯಾಯ.

"ನನ್ನೂ ಲೆಕ್ಕಕ್ಕ ತಗೋರಿ," ಎಂದು ಸೋನವ್ವ ಕಾಲು ಬಡಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲನೆಯದು ಮಣೆ ಆಟ. ಸುತ್ತಲೂ ಮಣೆ ಹಾಕಿದರು, ಮಕ್ಕಳಿಗಿಂತ ಮಣೆ ಕಡಿಮೆ. ಬೆಕ್ಕು ಡೋಲು ಬಾರಿಸಿತು, ಮಕ್ಕಳು ಸುತ್ತು ಹೊಡೆದರು. ಡೋಲು ನಿಂತಿತು, ಸಿಕ್ಕವರು ಸಿಕ್ಕ ಮಣೆಯ ಮೇಲೆ ಕೂತರು. ಮಣೆ ಸಿಗದೆ ನಿಂತವರ ಕಡೆ ಎಣಿಕೆರಾಯ ಬೆರಳು ಮಾಡಿ "ಹೊರಗ" ಎಂದ. ಅಂದದ್ದೇ ತಡ, ಆ ಮಕ್ಕಳು ಬಣ್ಣದ ಬುಗುರಿಗಳಾಗಿ ಗಿರಗಿರನೆ ತಿರುಗುತ್ತ ಜೋಳಿಗೆಯೊಳಗೆ ಬಿದ್ದರು.

ಕಾಶವ್ವ ಓಡಿಹೋಗಿ ಮಕ್ಕಳಿಗೆ ಅಡ್ಡ ನಿಂತಳು. "ಆಟ ನಿಲ್ಲಸ್ತೀರೇನು?" ಎಂದು ಎಣಿಕೆರಾಯ ಮೆಲ್ಲಗೆ ಕೇಳಿದ. ನಿಂತರೆ ಎಲ್ಲರೂ ಹೊರಗೆ. ಕಾಶವ್ವ ತುಟಿ ಕಚ್ಚಿಕೊಂಡು ಹಿಂದೆ ಸರಿದಳು. ತಾನೇ ಕೈಯಾರೆ ಬಾಗಿಲು ತೆರೆದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಆದರೆ ಕಣ್ಣು ಸುಮ್ಮನಿರಲಿಲ್ಲ. ಸೋನವ್ವ ಮಣೆಯ ಮೇಲೆ ಕೂತೇ ಇರಲಿಲ್ಲ, ಅಂಗಳದ ನಡುವೆ ಬೆಲ್ಲ ನೆಕ್ಕುತ್ತ ನಿಂತಿದ್ದಳು. ಎಣಿಕೆರಾಯ ಅವಳಿಗೆ ಬೆರಳು ಮಾಡಲಿಲ್ಲ. ಆಚೆ ಹೋಗುವಾಗ ಅವಳಿಗೇ ಎಡವಿದ. "ಇಲ್ಲೇನೋ ಕಲ್ಲು ಐತಿ," ಎಂದು ಗೊಣಗಿದ.

ಇದೇಕೆ ಹೀಗೆ? ಕಾಶವ್ವನ ತಲೆಯಲ್ಲಿ ಪ್ರಶ್ನೆ ಹುಟ್ಟಿತು.

ಎರಡನೆಯದು ಕೆರೆ-ದಡ. ನೆಲದ ಮೇಲೆ ಒಂದು ಗೆರೆ. ಆಚೆ ಕೆರೆ, ಈಚೆ ದಡ. "ಕೆರೆ" ಎಂದರೆ ಆಚೆ ಹಾರಬೇಕು, "ದಡ" ಎಂದರೆ ಈಚೆ. "ಕೆರೆ, ದಡ, ಕೆರೆ, ಕೆರೆ," ಎಂದು ಎಣಿಕೆರಾಯ ಕೂಗಿದ. ಮೈಮರೆತು ಈಚೆ ಹಾರಿದವರೆಲ್ಲ ಬುಗುರಿಗಳಾದರು. ತಂಗಿ ಎಲ್ಲಿದ್ದಾಳೆ ಎಂದು ತಿರುಗಿ ನೋಡುತ್ತಿದ್ದ ಬಸಲಿಂಗನೂ ತಪ್ಪು ಹಾರಿ ಹಸಿರು ಬುಗುರಿಯಾದ. ಸೋನವ್ವನೋ, ಕೆರೆ ಎಂದಾಗ ದಡಕ್ಕೆ, ದಡ ಎಂದಾಗ ಕೆರೆಗೆ ಹಾರಿದಳು. ಎಣಿಕೆರಾಯನ ನಾಲ್ಕು ಕಣ್ಣುಗಳಲ್ಲಿ ಒಂದೂ ಅವಳ ಕಡೆ ಹೊರಳಲಿಲ್ಲ.

ಆಗ ಕಾಶವ್ವನಿಗೆ ಹೊಳೆಯಿತು. ಆಟ ಆಡುವವರಲ್ಲಿ ಇವನಿಗೆ ಲೆಕ್ಕದಲ್ಲಿ ಇರುವವರಷ್ಟೇ ಕಾಣುತ್ತಾರೆ.

ಮೂರನೆಯದು ಕಣ್ಣಾಮುಚ್ಚಾಲೆ. ಅಷ್ಟರಲ್ಲಿ ಉಳಿದವನು ರಾಜಕುಮಾರ ಚಂದ್ರಸೇನ ಒಬ್ಬನೇ. ಆಟದಲ್ಲಿ ಸೋಲನ್ನು ಒಪ್ಪದ ಹುಡುಗ, ಸೋತರೆ ಮೂರು ದಿನ ಊಟ ಬಿಡುವಷ್ಟು ಹಟಮಾರಿ. "ನಾ ಹುಡುಕ್ತೀನಿ," ಎಂದ ಎಣಿಕೆರಾಯ. "ನಾ ಕಂಡು ಬೆರಳು ಮಾಡಿದರ ನೀ ಹೊರಗ. ಅದಕ್ಕಿಂತ ಮೊದಲ ಹಿಂದಿನಿಂದ ಬಂದು ನನ್ನ ಬೆನ್ನು ಮುಟ್ಟಿದರ ನಾ ಹೊರಗ." ತಲೆಯ ಹಿಂದಿನ ಕಣ್ಣುಗಳನ್ನು ಮಿಟುಕಿಸಿ ನಕ್ಕ. ನಾಲ್ಕೂ ಕಣ್ಣು ಮುಚ್ಚಿ ಗೋಡೆಗೆ ಮುಖ ಮಾಡಿ ಎಣಿಸತೊಡಗಿದ.

ಚಂದ್ರಸೇನ ಓಡಿಹೋಗಿ ಮೂಲೆಯ ಹುಲ್ಲಿನ ರಾಶಿಯಲ್ಲಿ ಅಡಗಿದ. ಸೋನವ್ವ ಅಂಗಳದ ನಡುವೆ ಕೂತು ತನ್ನ ಕಣ್ಣು ತಾನೇ ಮುಚ್ಚಿಕೊಂಡಳು. ತನಗೆ ಯಾರೂ ಕಾಣದಿದ್ದರೆ ತಾನೂ ಯಾರಿಗೂ ಕಾಣುವುದಿಲ್ಲ ಎಂದು ಅವಳ ನಂಬಿಕೆ.

ಕಾಶವ್ವ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಹೇಳಲೋ ಬೇಡವೋ ಎಂದು ಅವಳ ಜೀವ ಹೊಯ್ದಾಡಿತು. ಹಾಲು ಹಲ್ಲಿನ ಕೂಸು ಇದು. ಆದರೆ ಬೇರೆ ದಾರಿ ಕಾಣಲಿಲ್ಲ. "ಸೋನೂ, ಆ ಮಾಮಾನ ಹಿಂದ ಹೋಗಿ ಬೆನ್ನು ಮುಟ್ಟತೀಯೇನು? ಅವಂಗ ನೀ ಕಾಣೂದಿಲ್ಲ. ಆದ್ರ ನೀ ಮುಟ್ಟಿದ್ದು ಲೆಕ್ಕಕ್ಕ ಬರಬೇಕಂದ್ರ, ನೀನೂ ಲೆಕ್ಕಕ್ಕ ಬರಬೇಕು. ಬಂದರ ಅವಂಗ ನೀ ಕಾಣತೀ. ಹೆದರಿಕಿ ಆದ್ರ ಬ್ಯಾಡವ್ವಾ."

ಸೋನವ್ವ ಕಣ್ಣಿನಿಂದ ಕೈ ತೆಗೆದಳು. "ಬಸಣ್ಣ ಜೋಳಗ್ಯಾಗ ಅದಾನಲ್ಲ?"

"ಅದಾನ."

ಅವಳು ಎದ್ದಳು. ಎಣಿಕೆ ಮುಗಿಸಿ ಮೂಲೆ ಮೂಲೆ ಇಣುಕುತ್ತಿದ್ದ ಎಣಿಕೆರಾಯನ ಹಿಂದೆ ಪುಟುಪುಟು ನಡೆದಳು. ತಲೆಯ ಹಿಂದಿನ ಕಣ್ಣುಗಳು ಅವಳ ಮೇಲೆಯೇ ಹರಿದು, ಏನೂ ಕಾಣದೆ ಮುಂದೆ ಹೋದವು. ಅವಳು ಬೆನ್ನಿನ ಹತ್ತಿರ ನಿಂತು, ಕೈ ಚಾಚಿ, ದೊಡ್ಡ ದನಿಯಲ್ಲಿ ಹೇಳಿದಳು.

"ನಾನೂ ಲೆಕ್ಕಕ್ಕ."

ಎಣಿಕೆರಾಯ ಬೆಚ್ಚಿ ಸುತ್ತ ನೋಡಿದ. ಇನ್ನೂ ಏನೂ ಕಾಣಲಿಲ್ಲ. ತಾನಾಗಿ ಹೇಳಿದರೆ ಸಾಲದು, ಜೊತೆಗೆ ಆಡುವವರು ಹೂಂ ಅನ್ನಬೇಕು. ಆಡುವವರಲ್ಲಿ ಉಳಿದಿದ್ದವನು ಒಬ್ಬನೇ, ಅವನು ಹುಲ್ಲಿನೊಳಗಿದ್ದ. ಬಾಯಿ ಬಿಟ್ಟರೆ ಸಿಕ್ಕಿಬೀಳುವುದು ಖಂಡಿತ.

ಹುಲ್ಲಿನ ರಾಶಿ ಅಲುಗಿತು. ಚಂದ್ರಸೇನ ತಲೆ ಹೊರಗೆ ಹಾಕಿ, "ಹೂಂ, ನೀ ಲೆಕ್ಕಕ್ಕದೀ," ಎಂದು ಕೂಗಿದ.

ಎಣಿಕೆರಾಯ ಅವನತ್ತ ಗರ್ರನೆ ತಿರುಗಿ ಬೆರಳೆತ್ತಿದ. ಆ ಗಳಿಗೆಯಲ್ಲೇ ತಲೆಯ ಹಿಂದಿನ ಕಣ್ಣುಗಳಿಗೆ ಒಂದು ಪುಟ್ಟ ಹುಡುಗಿ ಕಂಡಳು. ಕಾಣುವಷ್ಟರಲ್ಲಿ ಬೆಲ್ಲದ ಅಂಗೈ ಅವನ ಬೆನ್ನಿಗೆ ಅಂಟಿತ್ತು.

"ನೀ ಹೊರಗ," ಎಂದಳು ಸೋನವ್ವ.

ಎಣಿಕೆರಾಯ ಕರಿಯ ಬುಗುರಿಯಾಗಿ ಒಂದು ಸುತ್ತು ತಿರುಗಿ ಮಣ್ಣಿನಲ್ಲಿ ಮಗ್ಗುಲಾಗಿ ಬಿದ್ದ. ಜೋಳಿಗೆಯ ಬಾಯಿ ಬಿಚ್ಚಿತು. ಬುಗುರಿಗಳು ಹೊರಗುರುಳಿ ಮಕ್ಕಳಾದವು. ಬಸಲಿಂಗ ತಂಗಿಯನ್ನು ಎತ್ತಿಕೊಂಡ. ಕಾಶವ್ವ ನಾಚಿಕೆ ಬಿಟ್ಟು ಗಳಗಳನೆ ಅತ್ತಳು. ಬೆಕ್ಕು ಡೋಲನ್ನು ಬದಿಗಿಟ್ಟು, ಸದ್ಯ ಮುಗಿಯಿತಲ್ಲ ಎಂಬಂತೆ ಮೈ ಮುರಿಯಿತು.

ಸೋನವ್ವ ಕರಿಯ ಬುಗುರಿಯನ್ನು ಕೈಗೆತ್ತಿಕೊಂಡಳು. ಅದು ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು. "ಅಕ್ಕೋರೆ, ಇವನ್ನ ಆಟಕ್ಕ ತಗೊಳ್ಳೂಣೇನ್ರಿ?"

ಸೋನವ್ವ ಯಾರಿಗೂ ಕಾಯದೆ ಬುಗುರಿಗೆ ಹೇಳಿದಳು: "ನೀ ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಬುಗುರಿ ಅವಳ ಅಂಗೈಯಿಂದ ಹಾರಿ ನೆಲದ ಮೇಲೆ ತಿರುಗಿ ತಿರುಗಿ, ಐದು ವರ್ಷದ ಒಬ್ಬ ಸಪೂರ ಹುಡುಗನಾಗಿ ನಿಂತಿತು. ತಲೆಯ ಹಿಂದೆ ಕಣ್ಣಿರಲಿಲ್ಲ. ಮೂಗು ಸುರಿಯುತ್ತಿತ್ತು.

ಕಾಶವ್ವ ಸೆರಗಿನಿಂದ ಅವನ ಮೂಗು ಒರೆಸಿದಳು. "ಯಾಕಪಾ ಹಿಂಗ ಮಾಡಿದಿ?"

"ನನ್ನ ಹೊಸ್ತಿಲ ಹಬ್ಬದ ದಿನ ನಾ ಮೊದಲನೇ ಆಟಕ್ಕ ಹೊರಗಾದೆ," ಎಂದ ಹುಡುಗ. "ಗ್ವಾಡಿ ಕಡೆ ನಿಲ್ಲು ಅಂದ್ರು. ನಿಂತೆ. ಎಲ್ಲಾರೂ ಹೊಸ್ತಿಲು ದಾಟಿ ಹೋದರು, ನನ್ನ ಕರಿಯಾಕ ಮರೆತರು. ನಿಂತು ನಿಂತು ಉದ್ದ ಆದೆ, ದೊಡ್ಡಾಂವ ಆಗಲಿಲ್ಲ."

ಆಗ ಹೊತ್ತು ಮುಳುಗುತ್ತಿತ್ತು. ಕಾಶವ್ವ ಹೂವಿನ ಹೊಸ್ತಿಲ ಬಳಿ ನಿಂತು ದಾಟುವ ಮಕ್ಕಳ ತಲೆ ಮುಟ್ಟಿ ಮುಟ್ಟಿ ಎಣಿಸಿದಳು. ಬಸಲಿಂಗ ದಾಟಿದ, ಚಂದ್ರಸೇನ ದಾಟಿದ, ಎಲ್ಲರೂ ದಾಟಿದರು. ಸಪೂರ ಹುಡುಗ ಮಾತ್ರ ಗೋಡೆಯ ಬಳಿಯೇ ಇದ್ದ, ಅಭ್ಯಾಸ ನೋಡಿ.

"ನಾ ಲೆಕ್ಕಕ್ಕ ಅದೀನೇನ್ರಿ?" ಎಂದು ಅಲ್ಲಿಂದಲೇ ಕೇಳಿದ.

ಆಚೆಯಿಂದ ಮಕ್ಕಳೆಲ್ಲ "ಹೂಂ" ಎಂದರು. ಚಂದ್ರಸೇನನ ದನಿ ಎಲ್ಲರಿಗಿಂತ ಜೋರಾಗಿತ್ತು. ಹುಡುಗ ಓಡಿ ಬಂದ. ಕಾಶವ್ವ ಅವನ ತಲೆ ಮುಟ್ಟಿ ಕಡೆಯದಾಗಿ ಅವನನ್ನೂ ಎಣಿಸಿದಳು.

ಆ ಮೇಲೆ ಬುಗುರಿಪಟ್ಟಣದ ಮಕ್ಕಳೆಲ್ಲ ಕಾಲಕಾಲಕ್ಕೆ ಬೆಳೆದು, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಚೆನ್ನಾಗಿದ್ದರು. ಬೆಕ್ಕು ಚಾವಡಿಯಲ್ಲೇ ಉಳಿದು ಡೋಲು ಬಾರಿಸಿತು, ಅಂದಿನಿಂದ ಮಣೆಗಳು ಮಕ್ಕಳೆಷ್ಟೋ ಅಷ್ಟಿದ್ದವು. ಸೋನವ್ವ ಹೋದ ಹೋದ ಕಡೆ ತಾನು ಲೆಕ್ಕಕ್ಕಿದ್ದೇನೆ ಎಂದು ಹೇಳಿಕೊಂಡು ತಿರುಗಿದಳು. ಬಾಗಿಲು ಮಾತ್ರ ಯಾರು ಬಂದರೂ "ತೆಗೀಬ್ಯಾಡ" ಅನ್ನುವುದನ್ನು ಬಿಡಲಿಲ್ಲ. ಕಾಶವ್ವ ಈಗಲೂ ತೆರೆಯುತ್ತಾಳೆ. ಆದರೆ ತೆರೆಯುವ ಮೊದಲು, "ಯಾಕ?" ಎಂದು ಬಾಗಿಲನ್ನೂ ಒಂದು ಮಾತು ಕೇಳುತ್ತಾಳೆ.